ಮಾಡಿನ ಮೇಲಿನ ಆಂಟೆನಾಗೆ ನಾನು ಕನೆಕ್ಟರ್ ಆರಿಸಿದ್ದು ಹೀಗೆ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ತಗೊಂಡೋರು ಮೊದ್ಲು ರೇಡಿಯೋ ನೋಡ್ತಾರೆ, ಆಮೇಲೆ ಆಂಟೆನಾ, ಕೇಬಲ್ ಅಂಗಡೀಲಿ ಯಾವ್ದಿದ್ಯೋ ಅದು, ಕೇಬಲ್ ತುದಿಗೆ ಹಾಕೋ ಕನೆಕ್ಟರ್ ವಿಚಾರ ಬರೋದು ಎಲ್ಲಾ ಮುಗಿದ್ಮೇಲೆ. ನಾನು ಕೇಬಲ್ಲು ಕನೆಕ್ಟರ್ರು ಎರಡೂ ಜೋಡಿಯಾಗೇ ತೀರ್ಮಾನ ಮಾಡ್ದೆ, ಯಾಕಂದ್ರೆ ನಮ್ದು ಸಾಗರದ ಕಡೆ, ಜೂನಲ್ಲಿ ಮಳೆ ಹಿಡೀತು ಅಂದ್ರೆ ಸೆಪ್ಟೆಂಬರ್ ತನಕ ಮೇಲೆ ಹತ್ತಿ ಏನೂ ರಿಪೇರಿ ಮಾಡಕ್ಕಾಗಲ್ಲ.

ಮೊದ್ಲು ಫ್ರೀಕ್ವೆನ್ಸಿ. ನನಗೆ ಬೇಕಿದ್ದದ್ದು 145 ಮತ್ತು 435 ಮೆಗಾಹರ್ಟ್ಸ್, ಆಂಟೆನಾದಿಂದ ರೂಮಿಗೆ ಸುಮಾರು 20 ಮೀಟರ್. ಇಷ್ಟುದ್ದ ಆರ್‌ಜಿ-58 ಅನ್ನೋ ತೆಳು ಕೇಬಲ್ ಹಾಕಿದ್ರೆ 435ರಲ್ಲಿ 7 ಡಿಬಿ (ಡೆಸಿಬೆಲ್) ಹತ್ರ ಲಾಸ್, ಅಂದ್ರೆ ಕೆಳಗಿಂದ 5 ವ್ಯಾಟ್ ಬಿಟ್ರೆ ಮೇಲೆ ಸಿಗೋದು 1 ವ್ಯಾಟ್. ಅದೇ ಎಲ್‌ಎಂಆರ್-400 ಅನ್ನೋ ದಪ್ಪ ಕೇಬಲ್ ಆದ್ರೆ 2 ಡಿಬಿ ಒಳಗೆ, 3 ವ್ಯಾಟ್ ಮೇಲೇನೇ ಹೋಗತ್ತೆ. ಸೋ ಕೇಬಲ್ ಅದೇ ಅಂತ ಆಯ್ತು.

ಅದಕ್ಕೆ ಪಿಎಲ್-259 ಅನ್ನೋ ಕನೆಕ್ಟರ್ ಕೂಡಾ ಸಿಗತ್ತೆ, ಎಚ್‌ಎಫ್‌ಗೆ (30 ಮೆಗಾಹರ್ಟ್ಸ್ ಕೆಳಗೆ) ನಾನೂ ಅದನ್ನೇ ಬಳಸ್ತೀನಿ, 145ರ ತನಕ ತೊಂದ್ರೆ ಇಲ್ಲ. ಆದ್ರೆ ಅದರೊಳಗೆ ಇಂಪಿಡೆನ್ಸ್ (ಸಿಗ್ನಲ್‌ಗೆ ಸಿಗೋ ತಡೆ) ಕೇಬಲ್ಲಿನ ಹಾಗೆ 50 ಓಮ್‌ನಲ್ಲಿ ನಿಲ್ಲಲ್ಲ, 435ಕ್ಕೆ ಹೋದಾಗ ಅದು ಕಾಣಕ್ಕೆ ಶುರು ಆಗತ್ತೆ, ಅದಕ್ಕಿಂತ ಮುಖ್ಯ ನೀರು ತಡೆಯೋಕೆ ಒಳಗೆ ರಬ್ಬರ್ ಗ್ಯಾಸ್ಕೆಟ್ ಇಲ್ಲ. ಎನ್ ಕನೆಕ್ಟರಲ್ಲಿ ಗ್ಯಾಸ್ಕೆಟ್ ಇದೆ, 50 ಓಮ್ ಕೊನೆ ತನಕ ಇರತ್ತೆ, ಸಾಧಾರಣ ಎನ್ನೇ 11 ಗಿಗಾಹರ್ಟ್ಸ್ ತನಕ ಬರತ್ತೆ. ನಮ್ಮ ಮಳೆಗೆ ಅದೇ ಸರಿ.

ಈಗ ಅಂಗಡೀಲಿ ಹುಷಾರಾಗಿರ್ಬೇಕಾದ ಜಾಗ. ಬೆಂಗಳೂರು ಎಸ್.ಪಿ. ರೋಡಲ್ಲಿ "ದಪ್ಪ ಕೇಬಲ್‌ಗೆ ಎನ್ ಮೇಲ್ ಕೊಡಿ" (ಮೇಲ್ ಅಂದ್ರೆ ಪಿನ್ ಇರೋದು) ಅಂದ್ರೆ ಆರ್‌ಜಿ-213 ಅನ್ನೋ ಬೇರೆ ದಪ್ಪ ಕೇಬಲ್ಲಿನದ್ದು ಕೊಡಬಹುದು. ಎರಡೂ ಕೇಬಲ್ ಹೊರಗಿಂದ ಹತ್ತಿರ ಹತ್ತಿರ 10.3 ಮಿಮೀ, ನೋಡಕ್ಕೆ ಒಂದೇ. ಆದ್ರೆ 213ರ ಒಳತಂತಿ 2.25 ಮಿಮೀ ಎಳೆತಂತಿ, 400ರದ್ದು 2.74 ಮಿಮೀ ಗಟ್ಟಿ ತಂತಿ, ಪಿನ್ನಿನ ತೂತಿಗೆ ಹೋಗೋದೇ ಇಲ್ಲ. ಕೆಲವರು ತಂತಿನ ಅರ ಹಾಕಿ ಉಜ್ಜಿ ತೂರಿಸ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಮೇಲಿನ ತಾಮ್ರದ ಪದರ ಹೋಗಿ ಒಳಗಿನ ಅಲ್ಯೂಮಿನಿಯಂ ಬರತ್ತೆ, ಬೆಸುಗೆ ಹಿಡಿಯಲ್ಲ. ನಾನು ಒಂದಡಿ ಕೇಬಲ್ ತುಂಡು ಜೇಬಲ್ಲಿಟ್ಕೊಂಡು ಹೋಗಿ ಅಲ್ಲೇ ಪಿನ್ ಹಾಕಿ ನೋಡಿ ತಗೊಂಡೆ. ಸಿಸಿಟಿವಿ ಅಂಗಡಿಯ ಬಿಎನ್‌ಸಿ ಕನೆಕ್ಟರಿಗೂ ಇದೇ ಮಾತು, ಅದು 75 ಓಮ್ ಆರ್‌ಜಿ-59ಗೆ ಮಾಡಿದ್ದು, ಆರ್‌ಜಿ-58ರ ಮೇಲೆ ಕ್ರಿಂಪ್ (ಒತ್ತಿ ಕೂರ್ಸೋದು) ಹಿಡಿಯಲ್ಲ.

ಹ್ಯಾಂಡಿ (ಕೈಲಿ ಹಿಡಿಯೋ ರೇಡಿಯೋ) ಕಡೆ ಎಸ್‌ಎಂಎ ಅನ್ನೋ ಸಣ್ಣ ಕನೆಕ್ಟರ್ ಇರತ್ತೆ. ಅದಕ್ಕೆ ದಪ್ಪ ಕೇಬಲ್ ನೇರ ಹಾಕಿದ್ರೆ ಸಾಕೆಟ್ಟೇ ಅಲುಗಾಡಿ ಹೋಗತ್ತೆ, ಹಾಗಾಗಿ ಉದ್ದ ಕೇಬಲ್‌ಗೆ ಎರಡೂ ತುದಿ ಎನ್ ಹಾಕಿ ಗೋಡೆ ಹತ್ರ ನಿಲ್ಲಿಸ್ದೆ, ಅಲ್ಲಿಂದ ರೇಡಿಯೋಗೆ ಆರ್‌ಜಿ-316 ಅನ್ನೋ ತೆಳು ಕೇಬಲ್ಲಿನ ಒಂದು ಮೊಳದ ಜಂಪರ್. ತಗೊಳ್ವಾಗ ಪಿನ್ ನೋಡಿ, ವೈಫೈ ರೌಟರಿನ ಆರ್‌ಪಿ-ಎಸ್‌ಎಂಎಗೂ ಇದೇ ಥ್ರೆಡ್, ಚೆನ್ನಾಗಿ ಟೈಟ್ ಆಗತ್ತೆ ಆದ್ರೆ ಎರಡೂ ಕಡೆ ತೂತೇ ಇದ್ರೆ ಸಿಗ್ನಲ್ ಹೋಗೋದೆಲ್ಲಿಂದ! ಟೈಟ್ ಮಾಡ್ವಾಗ ನಟ್ ಮಾತ್ರ ತಿರುಗಿಸಿ, ಬಾಡಿ ತಿರುಗಿದ್ರೆ ಒಳಗೆ ಪಿನ್ ಉಜ್ಜಿ ಸವೆಯತ್ತೆ.

ಮಾಡಿನ ಮೇಲಿನ ಜಾಯಿಂಟ್‌ಗೆ ಗ್ಯಾಸ್ಕೆಟ್ ಒಂದನ್ನೇ ನಂಬಲಿಲ್ಲ. ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ (ತನಗೆ ತಾನೇ ಅಂಟ್ಕೊಳ್ಳೋ ರಬ್ಬರ್ ಟೇಪ್) ಎಳೆದೆಳೆದು ಕೆಳಗಿಂದ ಮೇಲಕ್ಕೆ ಸುತ್ತಿದೆ, ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬರ್ಬೇಕು, ಅದರ ಮೇಲೆ ಬಿಸಿಲಿಗೆ ಕರಿ ಪಿವಿಸಿ ಟೇಪ್. ವಿನೆಗರ್ ವಾಸನೆ ಬರೋ ಸಿಲಿಕಾನ್ ಹಚ್ಬೇಡಿ, ತಾಮ್ರ ತಿನ್ನತ್ತೆ. ಕೇಬಲ್ ಮನೆಯೊಳಗೆ ಬರೋ ಮುಂಚೆ ಒಂದು ಬಳುಕು ಕೆಳಗೆ ಬಿಟ್ಟಿದೀನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ಲಿ ಅಂತ.

ಕೊನೆಗೆ ನ್ಯಾನೋ ವಿಎನ್‌ಎ, ಆಂಟೆನಾ ಕೇಬಲ್ ಅಳೆಯೋ ಸಣ್ಣ ಮೀಟರ್. ಆಂಟೆನಾ ಬಿಚ್ಚಿ ಮೇಲಿನ ತುದಿ ಓಪನ್ ಬಿಟ್ಟು ಕೆಳಗಿಂದ ಎಸ್11 (ವಾಪಸ್ ಬರೋ ಸಿಗ್ನಲ್ಲಿನ ಅಳತೆ) ನೋಡಿದ್ರೆ ಸಿಗ್ನಲ್ ಹೋಗಿ ವಾಪಸ್ ಬರತ್ತೆ, ಹಾಗಾಗಿ ಬಂದ ರಿಟರ್ನ್ ಲಾಸ್‌ನ ಅರ್ಧ ಕೇಬಲ್ ಲಾಸ್. 435ರಲ್ಲಿ ರಿಟರ್ನ್ ಲಾಸ್ ಮೂರೂವರೆ ಡಿಬಿ ಆಸುಪಾಸು ಬಂದ್ರೆ ಈ ಉದ್ದಕ್ಕೆ ಸರಿ. ಆ ನಂಬರ್ ಬರೆದಿಟ್ಟಿದೀನಿ, ಪ್ರತಿ ಮಳೆಗಾಲ ಮುಗಿದ್ಮೇಲೆ ಮತ್ತೆ ಅಳೀತೀನಿ. ಲಾಸ್ ಏರಿದ್ರೆ ನೀರು ಇಳಿದಿರೋ ಸಾಧ್ಯತೆನೇ ಜಾಸ್ತಿ, ಆಗ ಕನೆಕ್ಟರ್ ಒಂದನ್ನೇ ಬದಲಾಯಿಸಿದ್ರೆ ಸಾಲಲ್ಲ, ಕೇಬಲ್ ಒಳಗಿನ ತಂತಿ ಹೆಣಿಗೆ ಎಲ್ಲಿ ತನಕ ಕಪ್ಪಾಗಿದ್ಯೋ ಅಲ್ಲಿ ತನಕ ಕೇಬಲ್ ಕತ್ತರಿಸಿ ಹೊಸದಾಗಿ ಕಟ್ಟಬೇಕು, ಅದಕ್ಕೇ ಅಂತ ಮೇಲೆ ಒಂದು ಮೀಟರ್ ಜಾಸ್ತಿನೇ ಬಿಟ್ಟಿದೀನಿ.