ಸ್ಟ್ರೈಪ್ ಸಿಗದ ದೇಶದಿಂದ ಡಿಜಿಟಲ್ ಸರಕು ಮಾರುವ ಬಗೆ

ನಾನು ವಿನ್ಯಾಸದ ಟೆಂಪ್ಲೇಟ್‌ಗಳನ್ನು ಮಾರುತ್ತೇನೆ. ಆನ್‌ಲೈನ್‌ನಲ್ಲಿ ಗ್ರಾಹಕರಿಂದ ಹಣ ಪಡೆಯಲು ನೆರವಾಗುವ ಸ್ಟ್ರೈಪ್ ಖಾತೆ ನಿಮ್ಮ ದೇಶದಲ್ಲಿ ಸಿಗದಿದ್ದರೆ ‘ಮರ್ಚೆಂಟ್ ಆಫ್ ರೆಕಾರ್ಡ್’ ಸೇವೆಯನ್ನು ಹುಡುಕಿ. ಪ್ಯಾಡಲ್ ಅಂಥದ್ದು, 2025ರ ಜನವರಿಯಿಂದ ಗಮ್‌ರೋಡ್ ಕೂಡ. ಕಾನೂನಿನ ಲೆಕ್ಕದಲ್ಲಿ ಮಾರಾಟಗಾರರು ಈ ಸೇವೆಯವರೇ, ನೀವಲ್ಲ. ಗ್ರಾಹಕರಿಂದ ಹಣ ಪಡೆದು, ವ್ಯಾಟ್‌ನಂಥ ಮಾರಾಟ ತೆರಿಗೆ ಕಟ್ಟಿ, ಶುಲ್ಕ ಮುರಿದುಕೊಂಡು ಉಳಿದದ್ದನ್ನು ನಿಮಗೆ ಕಳುಹಿಸುತ್ತಾರೆ.

ತೊಡಕು ಇರುವುದು ಈ ಕೊನೆಯ ಹಂತದಲ್ಲೇ. ಕೊಳ್ಳುವವರ ದೇಶಗಳ ಪಟ್ಟಿ ಬೇರೆ, ಮಾರುವವರಿಗೆ ಹಣ ತಲುಪುವ ದೇಶಗಳ ಪಟ್ಟಿ ಬೇರೆ. ಎರಡನೆಯದನ್ನು ಮೊದಲು ಓದಿ. ಹಣ ಬರುವುದು ಬ್ಯಾಂಕಿಗೋ, ವಿದೇಶಿ ಹಣ ಪಡೆಯುವ ಆನ್‌ಲೈನ್ ಸೇವೆಯಾದ ಪೇಯೋನೀರ್‌ಗೋ ಎಂದು ಖಚಿತಪಡಿಸಿಕೊಳ್ಳಿ. ಗುರುತಿನ ಚೀಟಿಯ ಹೆಸರೂ ಖಾತೆಯ ಹೆಸರೂ ಒಂದೇ ಆಗಿರಲಿ. ಇನಿಶಿಯಲ್ ಬಿಟ್ಟುಹೋದರೂ ಪಾವತಿ ತಡೆಯಬಹುದು. ಗೆಳೆಯರ ವಿದೇಶಿ ಖಾತೆಯನ್ನು ಎರವಲು ಪಡೆಯಲೇಬೇಡಿ. ಖಾತೆ ಮುಚ್ಚಿದರೆ ನಿಮ್ಮ ದುಡಿಮೆಯೂ ಅದರೊಳಗೇ ಉಳಿಯುತ್ತದೆ. ದೇಶದ ಮೇಲೆ ಆರ್ಥಿಕ ನಿರ್ಬಂಧವೇ ಇದ್ದರೆ, ಅಡ್ಡದಾರಿ ಹುಡುಕದೆ ವಕೀಲರನ್ನು ಕೇಳಿ.