ಅರ್ಧ ಇಂಚಿನ ವ್ಯತ್ಯಾಸ: ಟ್ರ್ಯಾಕ್ಟರ್‌ಗೆ ಲಾನ್ ಟೈರ್ ಹಾಕಿದ ನನ್ನ ಅನುಭವ

ಏಪ್ರಿಲ್ ತಿಂಗಳ ಒಂದು ಶನಿವಾರ. ಹಿಂದಿನ ರಾತ್ರಿ ಮಳೆ ಬಂದಿತ್ತು. ಹುಲ್ಲು ಪಾದ ಮುಳುಗುವಷ್ಟು ಬೆಳೆದಿತ್ತು. ಇನ್ನೊಂದು ವಾರ ಬಿಟ್ಟರೆ ಕೈಗೆ ಸಿಗಲ್ಲ ಅಂತ ಟ್ರ್ಯಾಕ್ಟರ್ ಹತ್ತಿದೆ. ಒಂದು ಗಂಟೆ ಬಿಟ್ಟು ಇಳಿದು ನೋಡಿದರೆ, ತಿರುವು ತೆಗೆದುಕೊಂಡ ಕಡೆಯೆಲ್ಲ ಕೆಂಪು ಮಣ್ಣು ಮೇಲೆ ಎದ್ದಿತ್ತು. ಹೆಂಡತಿ ಕಿಟಕಿಯಿಂದ ಇಣುಕಿ, "ಏನ್ರೀ, ರಾಗಿ ಹಾಕ್ತೀರಾ?" ಅಂದಳು.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲೀಯಿಂದ ಮುಕ್ಕಾಲು ಗಂಟೆ ದೂರ. ನಾಲ್ಕು ಎಕರೆ ಜಾಗ. ಒಂದೂವರೆ ಎಕರೆ ಹುಲ್ಲು, ಉಳಿದದ್ದು ಪೈನ್ ಮರ ಮತ್ತು ಇಳಿಜಾರು. ಮಣ್ಣಿನ ಬಣ್ಣ ನಮ್ಮ ಮದ್ದೂರು ಕಡೆಯ ಹೊಲವನ್ನೇ ನೆನಪಿಸುತ್ತದೆ, ಆದರೆ ಜೇಡಿ ಜಾಸ್ತಿ. ಒಣಗಿದರೆ ಇಟ್ಟಿಗೆ, ನೆಂದರೆ ಸೋಪು. ನನ್ನ ಟ್ರ್ಯಾಕ್ಟರ್ ಸೆಕೆಂಡ್ ಹ್ಯಾಂಡ್ ಕುಬೋಟಾ, ಬಿ ಸರಣಿಯದು, 26 ಎಚ್‌ಪಿ. ಮುಂದೆ ಮಣ್ಣು, ಗೊಬ್ಬರ ಎತ್ತುವ ಲೋಡರ್ ಬಕೆಟ್, ಹೊಟ್ಟೆಯ ಕೆಳಗೆ 60 ಇಂಚಿನ ಹುಲ್ಲು ಕತ್ತರಿಸುವ ಡೆಕ್.

ಇಂಥ ಚಿಕ್ಕ ಟ್ರ್ಯಾಕ್ಟರ್‌ಗಳಿಗೆ ಮುಖ್ಯವಾಗಿ ಮೂರು ಥರದ ಟೈರ್ ಬರುತ್ತವೆ. ಆರ್-1 ಅಂದರೆ ನಮ್ಮೂರಲ್ಲಿ ಎಲ್ಲರೂ ನೋಡಿರುವ ಹೊಲದ ಟೈರ್, ಉದ್ದ ಹಲ್ಲು, ಆಳವಾದ ಸಂದು. ಆರ್-4 ಅಗಲ ಹಲ್ಲಿನದು. ಲೋಡರ್ ಕೆಲಸಕ್ಕೆ, ಜಲ್ಲಿ ರಸ್ತೆಗೆ, ಭಾರಕ್ಕೆ ಗಟ್ಟಿ. ಆರ್-3 ಲಾನ್ ಟೈರ್. ಅದರ ಮೇಲೆ ಚಾಕೊಲೇಟ್ ಬಾರ್‌ನ ಹಾಗೆ ಚಿಕ್ಕ ಚಿಕ್ಕ ಚೌಕ, ಸಂದು ಕಡಿಮೆ. ನನ್ನ ಗಾಡಿಗೆ ಇದ್ದದ್ದು ಆರ್-4.

ಫೋನಲ್ಲಿ ಅಪ್ಪನಿಗೆ ಹೇಳಿದೆ, ಹುಲ್ಲಿಗೆ ಅಂತಲೇ ಬೇರೆ ಟೈರ್ ಹಾಕಬೇಕು ಅಂತ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ಅದ್ಕೇನ್ಲಾ ಮಗ, ಗದ್ದೆ ಕೆಸರು ಮಾಡುವಾಗ ನಾವು ಕೇಜ್ ವೀಲ್ ಹಾಕಲ್ವಾ? ನೆಲ ಕೇಳಿದ್ದು ಹಾಕಬೇಕು" ಅಂದರು. ಆಮೇಲೆ, "ಆ ಹುಲ್ಲು ಯಾರಿಗೆ ಹಾಕ್ತೀಯ?" ಅಂದರು. ಯಾರಿಗೂ ಇಲ್ಲ ಅಂದಿದ್ದಕ್ಕೆ ಫೋನ್ ಅಮ್ಮನ ಕೈಗೆ ಹೋಯಿತು.

ಮೊದಲ ಲೆಕ್ಕ ಸುಲಭ ಅನಿಸಿತ್ತು. ಇದ್ದ ರಿಮ್‌ಗೇ ಲಾನ್ ಟೈರ್ ಏರಿಸಿದರೆ ಮುಗಿಯಿತು, ಅಲ್ವಾ? ಹಿಂಬದಿಯ ಟೈರ್ ಮೇಲೆ 12-16.5 ಅಂತ ಇತ್ತು. ಈ ಗಾಡಿಗೆ ಹೊಂದುವ ಲಾನ್ ಟೈರ್ 13.6-16. ಕಡೆಯ ಅಂಕಿ ರಿಮ್‌ನ ಅಳತೆ. ಬರೀ ಅರ್ಧ ಇಂಚು. ರಬ್ಬರ್ ತಾನೆ, ಎಳೆದರೆ ಕೂರುತ್ತೆ ಅಂತ ಒಬ್ಬ ಮಾರಾಟಗಾರ ಹೇಳಿಯೂಬಿಟ್ಟ. ಆ ಮಾತು ಕೇಳಿದ್ದರೆ ಇವತ್ತು ಇದನ್ನು ಬರೆಯಲು ಕೈ ಇರುತ್ತಿತ್ತೋ ಇಲ್ಲವೋ.

16 ಮತ್ತು 16.5 ರಿಮ್‌ಗಳ ಆಕಾರವೇ ಬೇರೆ. ಟೈರಿನ ಅಂಚು, ಅಂದರೆ ಒಳಗೆ ಉಕ್ಕಿನ ತಂತಿ ಇರುವ ಬೀಡ್, ಕೂರುವ ಜಾಗ 16ರ ರಿಮ್‌ನಲ್ಲಿ 5 ಡಿಗ್ರಿ ಇಳಿಜಾರು. 16.5ರಲ್ಲಿ 15 ಡಿಗ್ರಿ. 16ರ ಟೈರನ್ನು 16.5ರ ರಿಮ್‌ಗೆ ಹೇಗೋ ಒತ್ತಿ ಏರಿಸಬಹುದು, ಆದರೆ ಬೀಡ್ ಸರಿಯಾಗಿ ಕೂರುವುದಿಲ್ಲ. ಕೂರಲಿಲ್ಲ ಅಂತ ಇನ್ನಷ್ಟು ಗಾಳಿ ಹಾಕುತ್ತೀರಿ. ತಂತಿ ತುಂಡಾಗಿ ಟೈರ್ ಸಿಡಿಯುತ್ತದೆ. ಇಲ್ಲಿ ಹೀಗೆ ಸತ್ತವರಿದ್ದಾರೆ. ಎಷ್ಟೋ ಟೈರ್‌ಗಳ ಪಕ್ಕದಲ್ಲೇ ಈ ಎಚ್ಚರಿಕೆ ಅಚ್ಚಾಗಿರುತ್ತದೆ. ಓದುವವರು ಕಡಿಮೆ.

ಹಾಗಾಗಿ ರಿಮ್ ಸಮೇತ ನಾಲ್ಕೂ ಚಕ್ರ ಹುಡುಕಿದೆ. ಹೊಸದಕ್ಕೆ ಎರಡು ಸಾವಿರ ಡಾಲರ್ ಮೇಲೆ ಹೇಳಿದರು. ಎರಡು ತಿಂಗಳು ಕಾದೆ. ಇದೇ ಸರಣಿಯ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ವಯಸ್ಸಾದ ರೈತರೊಬ್ಬರು ಲಾನ್ ಚಕ್ರ ತೆಗೆದು ಕೊಟ್ಟಿಗೆಯಲ್ಲಿ ಇಟ್ಟಿದ್ದರು. 900 ಡಾಲರ್‌ಗೆ ಕೊಟ್ಟರು. ಮುಂದಿನವು 24×8.50-12, ನನ್ನ ಹಳೆಯವು 23×8.50-12. ಬೋಲ್ಟ್ ತೂತುಗಳನ್ನು ಅಳೆದು ನೋಡಿದ ಮೇಲೇ ದುಡ್ಡು ಕೊಟ್ಟೆ.

ಚಕ್ರ ಬಿಚ್ಚುವಾಗ ಅವಸರ ಮಾಡಬೇಡಿ. ಇಂಥ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ ಮೇಲೆ ಆಡುತ್ತದೆ. ಹಳ್ಳ ದಿಣ್ಣೆಗೆ ಅದು ಬೇಕು. ಆದರೆ ಹಿಂದೆ ಜಾಕ್ ಕೊಟ್ಟು ಎತ್ತಿದಾಗ ಅದೇ ಪಿನ್ ಮೇಲೆ ಇಡೀ ಗಾಡಿ ಪಕ್ಕಕ್ಕೆ ವಾಲಬಹುದು. ಅದಕ್ಕೆ ಮುಂದಿನ ಆಕ್ಸಲ್ ಮತ್ತು ಚೌಕಟ್ಟಿನ ನಡುವೆ ಎರಡೂ ಕಡೆ ಮರದ ಬೆಣೆ ಬಿಗಿಯಾಗಿ ಹೊಡೆದೆ. ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಲ್ಲಿಸಿ ಬಕೆಟ್ ನೆಲಕ್ಕೆ ಇಳಿಸಿದೆ. ನಟ್‌ಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲ ಮಾಡಿಕೊಂಡೆ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಉಕ್ಕಿನ ಸ್ಟ್ಯಾಂಡ್ ಇಟ್ಟೆ. ಜಾಕ್ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕೆ ಅಲ್ಲ.

ಹಳೆಯ ಹಿಂದಿನ ಚಕ್ರಗಳಲ್ಲಿ ಗಾಳಿ ಮಾತ್ರ ಇರಲಿಲ್ಲ. ನಮ್ಮೂರಲ್ಲಿ ಹಿಡಿತಕ್ಕೆ ಅಂತ ಟೈರ್‌ಗೆ ನೀರು ತುಂಬಿಸುತ್ತಾರಲ್ಲ, ಇಲ್ಲಿ ಚಳಿಗೆ ನೀರು ಹೆಪ್ಪುಗಟ್ಟುತ್ತದೆ. ಅದಕ್ಕೆ ಸಕ್ಕರೆ ಬೀಟ್‌ನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ರಸ ತುಂಬುತ್ತಾರೆ. ರಿಮ್ ತುಕ್ಕು ಹಿಡಿಯುವುದಿಲ್ಲ, ನೀರಿಗಿಂತ ಭಾರವೂ ಹೌದು. ಒಂದು ಗ್ಯಾಲನ್ ನೀರು 8.3 ಪೌಂಡ್ ಆದರೆ ಇದು ಹತ್ತಿರ ಹತ್ತಿರ 11. ಒಂದೊಂದು ಚಕ್ರ 300 ಪೌಂಡ್ ಮೇಲಿತ್ತು, ಅಂದರೆ ಕ್ವಿಂಟಲ್ ಮೂಟೆಗಿಂತ ಜಾಸ್ತಿ. ಅದು ವಾಲಿದರೆ ಹಿಡಿಯಲು ಹೋಗಬಾರದು, ಬಿಟ್ಟು ಓಡಬೇಕು. ಪಕ್ಕದ ಮನೆಯವರೂ ನಾನೂ ಸೇರಿ ನಿಧಾನವಾಗಿ ಉರುಳಿಸಿಕೊಂಡು ಹೋಗಿ ಶೆಡ್ಡಿನ ಗೋಡೆಗೆ ಒರಗಿಸಿ ಪಟ್ಟಿಯಿಂದ ಕಟ್ಟಿದೆವು. ಮಕ್ಕಳಿರುವ ಮನೆಯಲ್ಲಿ ಕಟ್ಟದೆ ಸುಮ್ನೆ ಒರಗಿಸಿ ಬಿಡಬೇಡಿ.

ಹಿಂದಿನ ಎರಡು ಮುಗಿಯುವಷ್ಟರಲ್ಲಿ ಕತ್ತಲಾಯಿತು. ಮುಂದಿನವು ನಾಳೆ ಅಂದುಕೊಂಡು ಮಲಗಿದೆ. ಎಡವಿದ್ದು ಅಲ್ಲೇ. ಬೆಳಿಗ್ಗೆ ಕಸದ ಡಬ್ಬಗಳನ್ನು ಬಕೆಟ್‌ನಲ್ಲಿಟ್ಟುಕೊಂಡು ರಸ್ತೆವರೆಗೆ ಹೋದೆ. ಕಾಂಕ್ರೀಟ್ ದಾರಿ, ಏರು ಇದೆ ಅಂತ ಫೋರ್ ವೀಲ್ ಡ್ರೈವ್ ಹಾಕಿದೆ. ನೂರು ಅಡಿ ಹೋಗುವಷ್ಟರಲ್ಲಿ ಗಾಡಿ ಕೀರ್ ಕೀರ್ ಅನ್ನತೊಡಗಿತು. ಮುಂದಿನ ಟೈರ್ ನೆಲಕ್ಕೆ ಉಜ್ಜುತ್ತಿತ್ತು. ನಿಲ್ಲಿಸಿ ಫೋರ್ ವೀಲ್ ಬಿಡಿಸೋಣ ಅಂತ ಲಿವರ್ ಎಳೆದರೆ ಬರಲೇ ಇಲ್ಲ. ಗೇರ್‌ಬಾಕ್ಸ್ ಹೋಯಿತು ಅಂತ ಎದೆ ಧಸಕ್ ಅಂತು.

ಗೇರ್‌ಬಾಕ್ಸ್‌ಗೆ ಏನೂ ಆಗಿರಲಿಲ್ಲ. ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಹಿಂದಿನ ಚಕ್ರಗಳು ಗೇರಿನಿಂದ ಒಂದಕ್ಕೊಂದು ಕಟ್ಟಿಹಾಕಿಕೊಂಡಿರುತ್ತವೆ. ಮುಂದಿನವು ನೆಲದ ಮೇಲೆ ಶೇಕಡಾ 1ರಿಂದ 5ರಷ್ಟು ಮುಂದಾಗಿ ಎಳೆಯುವ ಹಾಗೆ ಗೇರ್ ಲೆಕ್ಕ ಹಾಕಿರುತ್ತಾರೆ. ನಾನು ಹಿಂದೆ ದೊಡ್ಡ ಚಕ್ರ ಹಾಕಿ ಮುಂದೆ ಹಳೆಯದನ್ನೇ ಬಿಟ್ಟಿದ್ದೆ. ಹಿಂದಿನದು ತಳ್ಳುತ್ತಿತ್ತು, ಮುಂದಿನದು ಬ್ರೇಕಿನ ಹಾಗೆ ತಡೆಯುತ್ತಿತ್ತು. ಮಣ್ಣಿನ ಮೇಲಾದರೆ ಸ್ವಲ್ಪ ಜಾರಿ ಸರಿಹೋಗುತ್ತದೆ. ಕಾಂಕ್ರೀಟ್ ಜಾರಲು ಬಿಡಲ್ಲ, ಒತ್ತಡವೆಲ್ಲ ಶಾಫ್ಟ್‌ನಲ್ಲಿ ಸುತ್ತಿಕೊಳ್ಳುತ್ತದೆ. ಮೆಲ್ಲಗೆ ಹಿಂದಕ್ಕೆ ಬಂದು ಜಲ್ಲಿಯ ಮೇಲೆ ನಿಲ್ಲಿಸಿದೆ. ಲಿವರ್ ಟಕ್ ಅಂತ ಬಂತು. ಅವತ್ತೇ ಮುಂದಿನ ಎರಡನ್ನೂ ಬದಲಿಸಿದೆ.

ಆಮೇಲೆ ಅಳೆದು ನೋಡದೆ ಸಮಾಧಾನ ಆಗಲಿಲ್ಲ. ಚಕ್ರಗಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಜಲ್ಲಿಯ ಮೇಲೆ ನೇರವಾಗಿ, ಹಿಂದಿನ ಚಕ್ರ ಹತ್ತು ಸುತ್ತು ಸುತ್ತುವಷ್ಟು ಓಡಿಸಿದೆ. ಸುಮಾರು 90 ಅಡಿ. ಮಗಳು ಪಕ್ಕದಲ್ಲಿ ನಡೆಯುತ್ತಾ ಮುಂದಿನ ಚಕ್ರದ ಸುತ್ತು ಎಣಿಸಿದಳು. ಟೂ ವೀಲ್‌ನಲ್ಲಿ 14.4 ಸುತ್ತು, ಫೋರ್ ವೀಲ್‌ನಲ್ಲಿ 14.7. ಅಂದರೆ ಮುಂದಿನವು ಶೇಕಡಾ 2ರಷ್ಟು ಮುಂದೆ. ಬೇಕಾದದ್ದು ಅಷ್ಟೇ. ಬೇರೆ ಬೇರೆ ಕಡೆಯಿಂದ ಟೈರ್ ಜೋಡಿಸುವವರು ಇದೊಂದನ್ನು ತಪ್ಪದೆ ಮಾಡಿ. ಮೂರು ಗಂಟೆ ಓಡಿಸಿದ ಮೇಲೆ ನಟ್‌ಗಳನ್ನು ಮತ್ತೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆ. ಎರಡು ನಟ್ ಕಾಲು ಸುತ್ತು ತಿರುಗಿದವು.

ಗಾಳಿಯ ವಿಷಯ. ನೆಲಕ್ಕೆ ಬೀಳುವ ಒತ್ತಡ ಹೆಚ್ಚುಕಡಿಮೆ ಟೈರಿನೊಳಗಿನ ಒತ್ತಡದಷ್ಟೇ ಇರುತ್ತದೆ. ಆರ್-4ರಲ್ಲಿ 20 ಪಿಎಸ್‌ಐ ಇಟ್ಟಿದ್ದೆ. ಹಿಂಬದಿಯ ಲಾನ್ ಟೈರ್‌ಗೆ 12 ಇಟ್ಟಿದ್ದೇನೆ. ರಸ ತುಂಬಿಸಿಲ್ಲ. ಲೋಡರ್ ಕೆಲಸ ಇದ್ದಾಗ ಮಾತ್ರ ಹಿಂದಿನ ತ್ರೀ ಪಾಯಿಂಟ್‌ಗೆ, ಅಂದರೆ ನೇಗಿಲು ಗೀಗಿಲು ಸಿಕ್ಕಿಸುವ ಕೊಂಡಿಗೆ, ಭಾರಕ್ಕೆ ಅಂತ ಕಾಂಕ್ರೀಟ್ ತುಂಬಿದ ಡಬ್ಬ ಸಿಕ್ಕಿಸುತ್ತೇನೆ.

ಫಲ ಸಿಕ್ಕಿತಾ? ಸಿಕ್ಕಿತು. ಒಣ ದಿನ ಕತ್ತರಿಸಿದರೆ ಗಾಡಿ ಓಡಿದ ಗುರುತು ಸಂಜೆಗೆ ಕಾಣುವುದಿಲ್ಲ. ಆದರೆ ನಿಜ ಹೇಳಬೇಕು, ಏಪ್ರಿಲ್‌ನಲ್ಲಿ ಮಣ್ಣು ಎದ್ದದ್ದಕ್ಕೆ ಅರ್ಧ ಕಾರಣ ನಾನೇ. ಒದ್ದೆ ನೆಲದಲ್ಲಿ ಇಳಿದಿದ್ದೆ. ಫೋರ್ ವೀಲ್ ಹಾಕಿಕೊಂಡೇ ಪೂರ್ತಿ ಸ್ಟೀರಿಂಗ್ ತಿರುಗಿಸಿದ್ದೆ. ಪ್ರತಿ ವಾರ ಅದೇ ಜಾಡಿನಲ್ಲಿ ಓಡಿಸುತ್ತಿದ್ದೆ. ಈ ಮೂರನ್ನು ಬಿಟ್ಟರೆ ಆರ್-4ರಲ್ಲೂ ಲಾನ್ ಬಹುಪಾಲು ಉಳಿಯುತ್ತದೆ. ಒಂದೇ ಎಕರೆ ಇರುವವರು 900 ಡಾಲರ್ ಹಾಕುವ ಮುಂಚೆ ಅದನ್ನು ಒಂದು ತಿಂಗಳು ಮಾಡಿ ನೋಡಲಿ.

ಕಳೆದುಕೊಂಡದ್ದೂ ಇದೆ. ಜನವರಿಯಲ್ಲಿ ಸೌದೆ ತುಂಬಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ಆ ಚಿಕ್ಕ ಸಂದುಗಳಲ್ಲಿ ಜೇಡಿ ಮೆತ್ತಿಕೊಂಡು ಟೈರ್ ಬೋಳಾದ ಹಾಗಾಗಿತ್ತು. ಬಕೆಟ್‌ನ ಭಾರಕ್ಕೆ ಹಿಂಭಾಗ ಹಗುರ. ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ನಾನಿದ್ದದ್ದು ಟೂ ವೀಲ್‌ನಲ್ಲಿ. ಹತ್ತು ಹನ್ನೆರಡು ಅಡಿ ಸುಮ್ನೆ ಜಾರಿತು. ಬಕೆಟ್ ನೆಲಕ್ಕೆ ಒತ್ತಿದ ಮೇಲೆ ನಿಂತಿತು. ಸೀಟ್ ಬೆಲ್ಟ್ ಹಾಕಿದ್ದೆ. ಇಳಿಜಾರಿನಲ್ಲಿ ಈಗ ಫೋರ್ ವೀಲ್ ಇಲ್ಲದೆ ಇಳಿಯುವುದಿಲ್ಲ. ಆಗ ಮುಂದಿನ ಚಕ್ರಗಳೂ ತಡೆ ಹಿಡಿಯುತ್ತವೆ. ಕಾಂಕ್ರೀಟ್ ಡಬ್ಬವನ್ನೂ ಮರೆಯುವುದಿಲ್ಲ.

ಅದಕ್ಕೆ ಹಳೆಯ ಆರ್-4 ಚಕ್ರಗಳನ್ನು ಮಾರಲಿಲ್ಲ. ನವೆಂಬರ್‌ನಲ್ಲಿ ಅವು, ಮಾರ್ಚ್‌ನಲ್ಲಿ ಲಾನ್ ಟೈರ್. ಇಬ್ಬರಿದ್ದರೆ ಎರಡೂವರೆ ಗಂಟೆಯ ಕೆಲಸ. ಈಗ ಮಾರ್ಚ್ ಮೂರನೇ ವಾರ, ಹುಲ್ಲು ಚಿಗುರಿದೆ, ಬದಲಿಸಬೇಕಿತ್ತು. ಇನ್ನೂ ನಾಲ್ಕು ಬಕೆಟ್ ಗೊಬ್ಬರ ಸಾಗಿಸುವುದು ಬಾಕಿ ಇದೆ, ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆ.