ಉದುರಿದ ಕೂದಲಿನ ಬುಡ ನೋಡಿ, ಆಮೇಲೆ ಎಣ್ಣೆ ಕಾಯಿಸಿ

ಕೂದಲು ದಟ್ಟ ಆಗಬೇಕು, ಯಾವ ಎಣ್ಣೆ ಹಚ್ಚಲಿ ಎಂದು ಹೆಣ್ಣುಮಕ್ಕಳು ಕೇಳುತ್ತಲೇ ಇರುತ್ತಾರೆ. ಈಗೀಗ ಗಂಡುಮಕ್ಕಳೂ ಕೇಳುತ್ತಾರೆ. ಎಣ್ಣೆಯ ಮಾತು ಆಮೇಲೆ. ಮೊದಲು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಕಾಣುತ್ತಿದೆಯಾ? ಹಾಗಾದರೆ ಅದು ಬುಡದಿಂದ ಉದುರಿದ್ದು. ಗಂಟೇ ಇಲ್ಲದ ಗಿಡ್ಡ ತುಂಡುಗಳು ಸಿಕ್ಕರೆ ಅದು ನಡುವೆ ಮುರಿದದ್ದು. ಎರಡಕ್ಕೂ ಒಂದೇ ಮದ್ದಲ್ಲ. ಮುರಿಯುವ ಕೂದಲನ್ನು ಎಣ್ಣೆ, ಸೀಗೆಯಿಂದ ಉಳಿಸಿಕೊಳ್ಳಬಹುದು. ಉದುರುವ ಕೂದಲಿಗೆ ಕಾರಣ ಸಾಮಾನ್ಯವಾಗಿ ಮೈಯೊಳಗೆ ಇರುತ್ತದೆ.

ಇನ್ನೊಂದು ಮಾತು. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ಮೊಣಕಾಲುದ್ದ ಜಡೆ ಇರುವವರಿಗೆ ಅಷ್ಟೇ ಕೂದಲು ದೊಡ್ಡ ಉಂಡೆಯಾಗಿ ಕಾಣುತ್ತದೆ, ಸುಮ್ನೆ ಹೆದರಿಕೊಳ್ಳುತ್ತಾರೆ. ವಾರಕ್ಕೊಮ್ಮೆ ತಲೆ ಸ್ನಾನ ಮಾಡುವವರಿಗೆ ವಾರದ್ದೆಲ್ಲ ಒಂದೇ ದಿನ ಕೈಗೆ ಬರುತ್ತದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಅವುಗಳ ಬೇರಿನ ಲೆಕ್ಕ ಹುಟ್ಟುವಾಗಲೇ ಮುಗಿದಿರುತ್ತದೆ. ಹೊಸ ಬೇರು ಹುಟ್ಟಿಸುವ ಎಣ್ಣೆ ನಮ್ಮ ಅಜ್ಜಿಯರ ಹತ್ತಿರವೂ ಇರಲಿಲ್ಲ, ಅಂಗಡಿಯಲ್ಲೂ ಇಲ್ಲ.

ಹಾಗಂತ ಎಣ್ಣೆ ದಂಡ ಅಂತ ಅಲ್ಲ. ಕೊಬ್ಬರಿ ಎಣ್ಣೆಗೆ ಒಂದು ಗುಣವಿದೆ, ಅದು ಕೂದಲಿನ ಎಳೆಯ ಒಳಕ್ಕೆ ಇಳಿಯುತ್ತದೆ. 2003ರಲ್ಲಿ ನಮ್ಮ ದೇಶದ ಸಂಶೋಧಕರೇ ಇದನ್ನು ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆಯ ಜೊತೆ ಹೋಲಿಸಿ ನೋಡಿದ್ದರು. ತೊಳೆಯುವಾಗ, ಬಾಚುವಾಗ ಕೂದಲಿನ ಪ್ರೋಟೀನ್ ಸವೆಯುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ನಮ್ಮ ಪದ್ಧತಿಗೆ ಇದೇ ಸಮರ್ಥನೆ. ತಲೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಉಗುರುಬೆಚ್ಚಗಿನ ಎಣ್ಣೆಯನ್ನು ಬೆರಳ ತುದಿಯಿಂದ ಬುಡಕ್ಕೆ ಮೆಲ್ಲಗೆ ತಿಕ್ಕಿ, ಉಳಿದದ್ದನ್ನು ತುದಿಯವರೆಗೂ ಎಳೆಯಿರಿ. ಎಲ್ಲರೂ ಮರೆಯುವುದು ತುದಿಯನ್ನೇ. ಅಲ್ಲೇ ಕೂದಲು ಹಳೆಯದು, ಅಲ್ಲೇ ಮುರಿಯುವುದು.

ಹೊಟ್ಟು ಇರುವವರು ಮಾತ್ರ ರಾತ್ರಿಯಿಡೀ ಎಣ್ಣೆ ಬಿಡಬೇಡಿ. ಹೊಟ್ಟು ಒಣ ತಲೆಯಿಂದ ಬರುತ್ತದೆ, ಎಣ್ಣೆ ಸುರಿದರೆ ಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಹೊಟ್ಟು ಇಳಿಯುವ ತನಕ ಎಣ್ಣೆಯನ್ನು ತುದಿಗಷ್ಟೇ ಸವರಿ.

ಮನೆಯಲ್ಲಿ ಎಣ್ಣೆ ಕಾಯಿಸುವವರಿಗೆ ಅಳತೆ ಹೇಳುತ್ತೇನೆ. ಅರ್ಧ ಲೀಟರ್ ಕೊಬ್ಬರಿ ಎಣ್ಣೆ, ಒಂದು ಹಿಡಿ ಕರಿಬೇವು, ನಾಲ್ಕೈದು ಕೆಂಪು ದಾಸವಾಳದ ಹೂವು, ಒಂದು ಚಮಚ ಮೆಂತ್ಯ. ಗದ್ದೆ ಬದುವಿನಲ್ಲಿ ಗರುಗದ ಸೊಪ್ಪು (ಭೃಂಗರಾಜ) ಸಿಕ್ಕರೆ ಅದೂ ಒಂದು ಹಿಡಿ. ಸೊಪ್ಪು ತೊಳೆದು ನೆರಳಲ್ಲಿ ಹರವಿ, ನೀರು ಪೂರ್ತಿ ಆರಿದ ಮೇಲೆ ಹಾಕಿ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಚಟಪಟ ಸದ್ದು ನಿಂತು ಸೊಪ್ಪು ಗರಿಗರಿ ಆದಾಗ ಇಳಿಸಿ. ಸದ್ದು ಬರುತ್ತಿದ್ದರೆ ಒಳಗೆ ನೀರಿದೆ ಅಂತ ಅರ್ಥ. ಆ ಎಣ್ಣೆ ಕೆಲವೇ ದಿನಕ್ಕೆ ಕಮಟು ವಾಸನೆ ಹೊಡೆಯುತ್ತದೆ. ಮೆಂತ್ಯ ಕಪ್ಪಾಗುವ ತನಕ ಕಾಯಿಸಿದರೆ ಸೀದ ವಾಸನೆ ಬರುತ್ತದೆ, ಹಾಗಾಗಿ ಅದನ್ನು ಕೊನೆಯಲ್ಲಿ ಹಾಕುವುದು ಒಳ್ಳೆಯದು. ನನ್ನನ್ನು ಕೇಳಿದರೆ ಇದರಲ್ಲಿ ಮುಕ್ಕಾಲು ಪಾಲು ಕೆಲಸ ಎಣ್ಣೆಯದೇ, ಸೊಪ್ಪು ಹೂವು ಮೇಲೋಗರ ಅಷ್ಟೇ. ಸೊಪ್ಪು ಸಿಗದ ಊರಿನವರು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.

ಹರಳೆಣ್ಣೆ ಹಚ್ಚಿದರೆ ಕೂದಲು ದಪ್ಪ ಆಗುತ್ತದೆ ಅನ್ನುತ್ತಾರೆ. ಎಣ್ಣೆಯೇ ಮಂದ ಇರುವುದರಿಂದ ಹಾಗೆ ಕಾಣುತ್ತದೆ. ಬರೀ ಹರಳೆಣ್ಣೆ ಸುರಿದುಕೊಂಡರೆ ಕೂದಲು ಅಂಟಿ ಸಿಕ್ಕಾಗಿ, ಬಿಡಿಸುವಾಗ ಇನ್ನಷ್ಟು ಮುರಿಯುತ್ತದೆ. ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಬೆರೆಸಿದರೆ ಸಾಕು.

ಇನ್ನು ಸೀಗೆ. ಶಾಂಪೂ ಹಾಕುವವರನ್ನು ನಾನು ಬೈಯುವುದಿಲ್ಲ, ಕೆಲಸಕ್ಕೆ ಓಡುವವರಿಗೆ ಸೀಗೆ ಕಲಸಿಕೊಂಡು ಕೂರಲು ಪುರುಸೊತ್ತೆಲ್ಲಿ? ಆದರೆ ಬೋರ್‌ವೆಲ್ ನೀರಿನ ಮನೆಯಲ್ಲಿ ಸೋಪು ಹಾಕಿ ತಲೆ ತೊಳೆಯಬೇಡಿ. ಗಡಸು ನೀರಿನಲ್ಲಿ ಸೋಪು ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ, ಕೂದಲು ಒರಟಾಗುತ್ತದೆ. ಸೀಗೆ, ಅಂಟುವಾಳ ಹಾಗೆ ಗಸಿ ಕಟ್ಟುವುದಿಲ್ಲ. ಒಂದು ಕಿಲೋ ಒಣಗಿದ ಸೀಗೆಕಾಯಿಗೆ ನೂರು ಗ್ರಾಂ ಮೆಂತ್ಯ, ನೂರು ಗ್ರಾಂ ಹೆಸರುಕಾಳು, ಒಂದು ಹಿಡಿ ನೆಲ್ಲಿಚೆಟ್ಟು, ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ. ಎರಡು ದಿನ ಬಿಸಿಲಿಗೆ ಹಾಕಿ ಮಿಲ್ಲಿಗೆ ಕೊಡಿ. ಎಲ್ಲ ಮಿಲ್ಲಿನವರೂ ಬೀಸಿಕೊಡುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಿ. ಆ ಪುಡಿಯ ಘಾಟಿಗೆ ಮಿಲ್ಲಿನವರೆಲ್ಲ ಸೀನುತ್ತಾರೆ, ಹಿಂದೆ ರಾಗಿ ತಂದವರ ಹಿಟ್ಟಿಗೂ ವಾಸನೆ ಹತ್ತುತ್ತದೆ.

ಸೀಗೆಪುಡಿಯನ್ನು ಬರೀ ನೀರಿನಲ್ಲಿ ಕಲಸುವುದಕ್ಕಿಂತ ಅನ್ನ ಬಸಿದ ಗಂಜಿಯಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಒಣ ಕೂದಲಿನವರಿಗೆ ಇದು ತುಂಬಾ ಹಿತ. ಚಿಗರೆ ಪುಡಿ, ಅಂದರೆ ಚಿಗರೆ ಮರದ ಒಣ ಎಲೆಯ ಪುಡಿ, ಸಿಗುವ ಕಡೆ ಅರ್ಧಕ್ಕರ್ಧ ಬೆರೆಸಿದರೆ ಕೂದಲು ಇನ್ನೂ ನಯ. ನೊರೆ ಕಡಿಮೆ ಬಂತು ಅಂತ ಜಾಸ್ತಿ ಹಾಕಿ ಉಜ್ಜಬೇಡಿ, ಸೀಗೆಯ ನೊರೆಯೇ ಅಷ್ಟು. ಕಣ್ಣು ಮುಚ್ಚಿಕೊಳ್ಳಿ, ಮಕ್ಕಳಿಗೆ ಹಾಕುವಾಗಂತೂ ಜೋಪಾನ.

ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಸೋಸಿದರೆ ಬರುವ ಲೋಳೆ, ಮಲೆನಾಡಿನ ಮತ್ತಿ ಸೊಪ್ಪಿನ ಲೋಳೆ, ನೆನೆಸಿದ ಮೆಂತ್ಯ ಎಲ್ಲವೂ ಮಾಡುವುದು ಒಂದೇ ಕೆಲಸ. ಎಳೆಯ ಮೇಲೆ ನುಣುಪಾದ ಪದರ ಕೂರಿಸುತ್ತವೆ. ಬಾಚಣಿಗೆ ಸಲೀಸಾಗಿ ಇಳಿಯುತ್ತದೆ, ಮುರಿಯುವುದು ಕಡಿಮೆಯಾಗುತ್ತದೆ, ಜಡೆ ತುಂಬಿಕೊಂಡಂತೆ ಕಾಣುತ್ತದೆ. ಮೆಂತ್ಯ ರುಬ್ಬಿ ಹಚ್ಚುವವರು ತೆಳು ಬಟ್ಟೆಯಲ್ಲಿ ಹಿಂಡಿಕೊಳ್ಳಿ, ಇಲ್ಲದಿದ್ದರೆ ಮಾರನೇ ದಿನವೂ ತಲೆಯಿಂದ ಚೂರು ಉದುರುತ್ತಿರುತ್ತದೆ. ಅರ್ಧ ಗಂಟೆ ಸಾಕು. ಶೀತದ ಮೈಯವರು ಅಷ್ಟು ಹೊತ್ತೂ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಮಾಡಿ, ಒದ್ದೆ ತಲೆಯನ್ನು ಟವೆಲಿನಲ್ಲಿ ಬಡಿದು, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಮೇಲಿಂದ ಎಳೆದರೆ ಏನು ಬಂತು? ಒದ್ದೆ ಕೂದಲು ಬೇಗ ತುಂಡಾಗುತ್ತದೆ. ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಒತ್ತಿ ನೀರು ತೆಗೆಯಿರಿ, ಆರಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ. ಬಿಗಿಯಾಗಿ ಜಡೆ ಹೆಣೆಯುವುದು, ಎತ್ತಿ ಜುಟ್ಟು ಕಟ್ಟುವುದು ದಿನವೂ ಮಾಡಿದರೆ ಹಣೆಯ ಎರಡು ಬದಿ ಬೋಳಾಗುತ್ತಾ ಬರುತ್ತದೆ. ವರ್ಷಗಟ್ಟಲೆ ಎಳೆದ ಜಾಗದಲ್ಲಿ ಕೂದಲು ವಾಪಸು ಬರುವುದಿಲ್ಲ.

ಈಗ ಬಿಳಿ ಗಂಟಿನ ಕೂದಲಿಗೆ ಬರೋಣ. ದಿಢೀರನೆ ಹಿಡಿಗಟ್ಟಲೆ ಉದುರಲು ಶುರುವಾದರೆ ಈ ವಾರದ ಎಣ್ಣೆ, ನೀರನ್ನು ದೂರಬೇಡಿ. ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ನೆನಪಿಸಿಕೊಳ್ಳಿ. ಡೆಂಗಿ, ಟೈಫಾಯ್ಡ್ ತರಹದ ಜೋರು ಜ್ವರ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಹೆರಿಗೆ. ಮೈಗೆ ಪೆಟ್ಟು ಬಿದ್ದರೆ ಕೂದಲು ಅಷ್ಟು ತಡವಾಗಿ ಲೆಕ್ಕ ಒಪ್ಪಿಸುತ್ತದೆ. ಬಾಣಂತಿಯರಿಗೆ ಮೂರನೇ ತಿಂಗಳ ಹೊತ್ತಿಗೆ ಶುರುವಾಗಿ, ಸಾಮಾನ್ಯವಾಗಿ ಮಗುವಿನ ಹುಟ್ಟುಹಬ್ಬದ ಹೊತ್ತಿಗೆ ಸರಿಹೋಗುತ್ತದೆ. ಆಗ ಬೇಕಾದದ್ದು ಹೊಟ್ಟೆ ತುಂಬ ಊಟ.

ಊಟದಲ್ಲಿ ಎರಡು ನೋಡಿ: ಕಬ್ಬಿಣ, ಪ್ರೋಟೀನ್. ಮೊಳಕೆ ಹುರುಳಿಕಾಳು, ನುಗ್ಗೆಸೊಪ್ಪು, ಹರಿವೆ, ಕಡಲೆಬೀಜ, ಮೊಟ್ಟೆ, ತಿನ್ನುವವರಿಗೆ ಮೀನು. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಹತ್ತುವುದು ಕಡಿಮೆ, ಒಂದು ಗಂಟೆ ತಡೆಯಿರಿ. ಮನೆಯವರಿಗೆಲ್ಲ ಬಡಿಸಿ, ಉಳಿದ ತಿಳಿಸಾರಿನಲ್ಲಿ ಊಟ ಮುಗಿಸುವ ಹೆಂಗಸರಿಗೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೊಟ್ಟೆಯನ್ನು ತಲೆಗೆ ಹಚ್ಚುವ ಬದಲು ತಿನ್ನಿ.

ಬೈತಲೆ ಅಗಲವಾಗುತ್ತಿದ್ದರೆ, ಉದುರುವುದು ಆರು ತಿಂಗಳಾದರೂ ನಿಲ್ಲದಿದ್ದರೆ, ಜೊತೆಗೆ ಸುಸ್ತು, ಮುಟ್ಟಿನ ಏರುಪೇರು ಇದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮನೆಮದ್ದಿನಲ್ಲಿ ವರ್ಷ ಕಳೆಯಬೇಡಿ. ಈರುಳ್ಳಿ ರಸದ ಬಗ್ಗೆ ಕೇಳುವವರಿಗೆ: 2002ರಲ್ಲಿ ಬಾಗ್ದಾದಿನ ವೈದ್ಯರು ಅದನ್ನು ಪರೀಕ್ಷಿಸಿದ್ದು ನಾಣ್ಯದಂತೆ ಗುಂಡಗೆ ಕೂದಲು ಹೋಗುವ ಕಾಯಿಲೆಗೆ. ಅದೂ ಸಣ್ಣ ಪ್ರಯೋಗ. ಮಾಮೂಲಿ ಉದುರುವಿಕೆಗೆ ಅದನ್ನು ಹಚ್ಚಿ ಮನೆಯೆಲ್ಲ ವಾಸನೆ ಮಾಡುವುದು ಬೇಡ. ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಅನ್ನುವುದೂ ಸುಳ್ಳು. ತಿರುಪತಿಗೆ ಮುಡಿ ಕೊಡುವುದಿದ್ದರೆ ದೇವರಿಗೆ ಅಂತ ಕೊಡಿ.

ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಯಾವ ಮದ್ದನ್ನಾದರೂ ಮೂರ್ನಾಲ್ಕು ತಿಂಗಳು ನೋಡದೆ ತೀರ್ಪು ಕೊಡಬೇಡಿ. ಅಷ್ಟರಲ್ಲಿ ಬೇಗ ತುಂಬಿದಂತೆ ಕಾಣಬೇಕೆಂದರೆ, ಇಲಿಬಾಲದಂತಿರುವ ಜಡೆಯ ತುದಿಯನ್ನು ಎರಡು ಇಂಚು ಕತ್ತರಿಸಿ. ಮಂಗಳವಾರ, ಶುಕ್ರವಾರ ಬೇಡ ಅನ್ನುವ ಮನೆಯಾದರೆ ಬುಧವಾರ ಕತ್ತರಿಸಿ.